ಚಲುವರಾಜು ಉಳಿಸಿಕೊಳ್ಳಬಹುದಾಗಿದ್ದ ಮಂಡಿ

ಆಷಾಢ ಬಂತೆಂದರೆ ನಮ್ಮ ಚಾಮರಾಜಪೇಟೆಯ ವಠಾರದಲ್ಲಿ ಬಟ್ಟೆ ಒಣಗಿಸುವುದೇ ದೊಡ್ಡ ತಲೆನೋವು. ಜೋರು ಮಳೆಯಾದರೂ ಬಂದು ಹೋಗಬಾರದೆ? ಅದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಜಿಟಿಜಿಟಿ, ಮೇಲೆ ಥಂಡಿ ಗಾಳಿ. ಎಲ್ಲ ಮನೆಗಳಿಗೂ ಸೇರಿ ಅಂಗಳದಲ್ಲಿ ಎರಡೇ ತಂತಿ. ಮೋಡ ಸ್ವಲ್ಪ ಸರಿದರೆ ಸಾಕು, ಹೆಂಗಸರೆಲ್ಲ ಬಕೆಟ್ ಹಿಡಿದು ಓಡಿ ಬರುತ್ತೇವೆ. ಯಾರ ಮನೆಯ ಸೀರೆ ಹರಿದಿದೆ, ಯಾರ ಮನೆಗೆ ಹೊಸ ಟವೆಲ್ ಬಂದಿದೆ ಎಂಬುದೆಲ್ಲ ಆ ತಂತಿಯಿಂದಲೇ ಊರಿಗೆ ಗೊತ್ತಾಗುತ್ತದೆ.

ನಾನು ಶೈಲಜಮ್ಮ, ಆ ವಠಾರದ ಹಳೆಯ ಬಾಡಿಗೆದಾರಳು. ನನ್ನ ನಾಲಿಗೆ ಸ್ವಲ್ಪ ಉದ್ದ ಅಂತ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ಕಥೆಯನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಇದು ನಡೆದದ್ದು ಎಪ್ಪತ್ತೈದರಲ್ಲಿ. ನನ್ನ ಗೋಡೆಗೆ ಅಂಟಿದ ಮನೆ ಹನುಮಕ್ಕನದು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಚಲುವರಾಜು ಸೈನ್ಯದಲ್ಲಿದ್ದವನು. ಎಪ್ಪತ್ತೊಂದರ ಯುದ್ಧ ನಿಂತ ಮೇಲೆ ಗಡಿಯ ಹೊಲಗಳಲ್ಲಿ ಶತ್ರುಗಳು ಹೂತಿಟ್ಟಿದ್ದ ಮೈನ್‌ಗಳನ್ನು ತೆಗೆಯುವ ಕೆಲಸಕ್ಕೆ ಅವನ ತಂಡವನ್ನು ಹಾಕಿದರು. ಒಂದು ಸಿಡಿಯಿತು. ಎಡಗಾಲು ಮಂಡಿಯ ಕೆಳಗೆ ಹೋಯಿತು. ಪುಣೆಯಲ್ಲಿ ಕೃತಕ ಕಾಲು ಹಾಕಿ, ನಡೆಯುವುದನ್ನು ಕಲಿಸಿ ಮನೆಗೆ ಕಳಿಸಿದರು. ಮಂಡಿ ಉಳಿದಿತ್ತಲ್ಲ, ಅದರಿಂದ ಚೆನ್ನಾಗಿಯೇ ನಡೆಯುತ್ತಿದ್ದ. ಪ್ಯಾಂಟು ತೊಟ್ಟು ಹೊರಟರೆ, ಸ್ವಲ್ಪ ಕುಂಟುತ್ತಾನೆ ಎನಿಸುತ್ತಿತ್ತು ಅಷ್ಟೆ. ಸರ್ಕಾರಿ ಗೋದಾಮೊಂದರಲ್ಲಿ ಕೆಲಸವೂ ಸಿಕ್ಕಿತ್ತು. ಅವನ ಹೆಂಡತಿ ನಾರಾಯಣಮ್ಮ ಬಾಯಿ ಸತ್ತ ಹುಡುಗಿ. ತಂಗಿ ಶಿವಕುಮಾರಿ ಮದುವೆಯ ವಯಸ್ಸಿಗೆ ಬಂದಿದ್ದಳು.

ಕೃತಕ ಕಾಲು ಹಾಕುವವರು ಉಳಿದ ಕಾಲಿನ ತುದಿಗೆ ಮೊದಲು ಉಣ್ಣೆಯ ಚೀಲವೊಂದನ್ನು ತೊಡಬೇಕು. ಚರ್ಮ ಉಜ್ಜದಂತೆ ಕಾಯುವುದು ಅದೇ, ಬೆವರು ಹೀರುವುದೂ ಅದೇ. ದಿನಾ ಒಗೆಯಬೇಕು, ಪೂರ್ತಿ ಒಣಗಿದ ಮೇಲೆಯೇ ತೊಡಬೇಕು. ಬೇಸಿಗೆಯವರೆಗೂ ಚಲುವರಾಜುವಿನ ಚೀಲಗಳು ನಮ್ಮೆಲ್ಲರ ಬಟ್ಟೆಯ ಜೊತೆ ತಂತಿಯ ಮೇಲೆ ಒಣಗುತ್ತಿದ್ದವು. ಆಷಾಢದ ಹೊತ್ತಿಗೆ ಅವು ಕಾಣದಾದವು.

"ಏನೇ, ನಿನ್ನ ಗಂಡ ಕಾಲು ಹಾಕೋದು ಬಿಟ್ಟಿದಾನಾ?" ಅಂತ ನಾರಾಯಣಮ್ಮನನ್ನು ಕೇಳಿದೆ.

ಅವಳು ಸುತ್ತ ನೋಡಿ ಮೆಲ್ಲಗೆ ಹೇಳಿದಳು. "ಒಳಗೇ ಒಣಗಿಸ್ತಿದೀನಿ ಅಕ್ಕ. ಒಲೆ ಹಿಂದೆ, ನನ್ನ ಸೀರೆ ಕೆಳಗೆ. ಅತ್ತೆ ಹೊರಗೆ ಹಾಕ್ಬೇಡ ಅಂದ್ರು."

ವಿಷಯ ಇಷ್ಟು. ಶಿವಕುಮಾರಿಗೆ ಮಲ್ಲೇಶ್ವರದ ಕಡೆಯ ಸಂಬಂಧ ಕೂಡಿಬಂದಿತ್ತು. ಹುಡುಗ ಒಳ್ಳೆಯವನು, ತಂದೆ ವೆಂಕಟಪ್ಪ ಮರ್ಯಾದಸ್ಥರು. ಹನುಮಕ್ಕ ಅವರ ಮುಂದೆ, ಮಗನಿಗೆ ಯುದ್ಧದಲ್ಲಿ ಕಾಲಿಗೆ ಪೆಟ್ಟಾಗಿ ಸ್ವಲ್ಪ ಕುಂಟುತ್ತಾನೆ ಎಂದಷ್ಟೇ ಹೇಳಿದ್ದಳು. ಕಾಲೇ ಇಲ್ಲ ಅಂದರೆ, ನಾಳೆ ಈ ಮನೆಯ ಭಾರವೆಲ್ಲ ಅಳಿಯನ ತಲೆಗೆ ಬರುತ್ತದೆ ಎಂದು ಅವರು ಹಿಂದೆ ಸರಿದಾರು ಎಂಬ ಹೆದರಿಕೆ. ಗಂಡಿನ ಚಿಕ್ಕಮ್ಮನ ಮನೆ ನಮ್ಮ ಬೀದಿಯಲ್ಲೇ. ಆಕೆ ಆಗಾಗ ವಠಾರಕ್ಕೆ ಬಂದು ಹೋಗುತ್ತಿದ್ದರು. ಅದಕ್ಕೇ ಚೀಲ ಒಳಗೆ ಸೇರಿತ್ತು. ಮದುವೆ ಶ್ರಾವಣದಲ್ಲಿ.

ಒಲೆಯ ಹಿಂದೆ ಉಣ್ಣೆ ಒಣಗುತ್ತದೆಯೆ, ಆ ಹವಾದಲ್ಲಿ? ಮುಟ್ಟಿದರೆ ಬೆಚ್ಚಗಿರುತ್ತಿತ್ತು, ಹಿಂಡಿದರೆ ತೇವ. ಚಲುವರಾಜು ಅದನ್ನೇ ತೊಟ್ಟು ಕೆಲಸಕ್ಕೆ ಹೋಗುತ್ತಿದ್ದ. ಅದರ ಮೇಲೆ ಇನ್ನೊಂದು ತೊಂದರೆ. ಕಾಲು ಕತ್ತರಿಸಿದ ಮೇಲೆ ಉಳಿದ ಭಾಗ ಬರಬರುತ್ತಾ ಸಣ್ಣಗಾಗುತ್ತದಂತೆ. ಅವನ ಕೃತಕ ಕಾಲು ಸಡಿಲವಾಗಿತ್ತು. ಹೋಗಿ ಸರಿಮಾಡಿಸಿಕೊಂಡು ಬರುವುದು ಬಿಟ್ಟು, ಹಳೆಯ ಪಂಚೆ ಹರಿದು ಒಳಗೆ ತುರುಕಿಕೊಂಡ. ಒದ್ದೆ ಉಣ್ಣೆ, ಗಂಟುಗಂಟಾದ ಬಟ್ಟೆ, ಅದರ ಮೇಲೆ ಮೈಭಾರ. ಮೊದಲು ಗುಳ್ಳೆ ಎದ್ದಿತು, ಆಮೇಲೆ ಒಡೆದು ಹುಣ್ಣಾಯಿತು.

"ಆಸ್ಪತ್ರೆಗೆ ಹೋಗ್ಬನ್ನಿ ಅಂದ್ರೆ ಬೈತಾರೆ ಅಕ್ಕ," ಅಂದಳು ನಾರಾಯಣಮ್ಮ. "ಮಿಲಿಟ್ರೀಲಿ ಹುಷಾರಿಲ್ಲ ಅಂತ ಸಿಕ್ ರಿಪೋರ್ಟ್ ಮಾಡೋನು ಅಂದ್ರೆ ಕೆಲಸಗಳ್ಳ ಅಂತಾರಂತೆ. ನಾನು ಒಂದಿನಾನೂ ಸಿಕ್ ರಿಪೋರ್ಟ್ ಮಾಡಿದೋನಲ್ಲ ಅಂತಾರೆ."

"ಇದೇನು ಬ್ಯಾರಕ್ಕಾ? ಇಲ್ಲಿ ಯಾವ ಹವಾಲ್ದಾರ್ ನಿಂತಿದಾನೆ ಅವನ್ನ ನೋಡೋಕೆ?" ಅಂದೆ. ಅವಳೇನು ಮಾಡಿಯಾಳು? ಹನುಮಕ್ಕನ ಬಳಿ ಹೋಗಿ ನೇರವಾಗಿ ಕೇಳಿದೆ. "ಮದುವೆ ಮುಗೀಲಿ ಶೈಲಜಮ್ಮ, ಆಮೇಲೆ ನಾನೇ ಕರ್ಕೊಂಡು ಹೋಗ್ತೀನಿ" ಎಂದು ಬಾಗಿಲಲ್ಲೇ ಸಾಗಹಾಕಿದಳು. ಹುಣ್ಣಿಗೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ವಾಸನೆ ಬಾರದಿರಲೆಂದು ಊದುಬತ್ತಿ ಹಚ್ಚಿಡುತ್ತಿದ್ದಳು.

ಒಂದು ಭಾನುವಾರ ಅರ್ಜುನಪ್ಪ ಬಂದ. ಅವನೂ ಚಲುವರಾಜುವಿನ ದಳದವನೇ, ಅವನಿಗೂ ಒಂದು ಕಾಲು ಹೋಗಿತ್ತು. ಪುಣೆಯ ವಾರ್ಡಿನಲ್ಲಿ ಇಬ್ಬರೂ ಅಕ್ಕಪಕ್ಕದ ಮಂಚ. ಈಗ ಶೇಷಾದ್ರಿಪುರದಲ್ಲಿ ಮನೆ, ಕೃಷ್ಣರಾಜ ಮಾರುಕಟ್ಟೆಯಲ್ಲಿ ಅಣ್ಣಂದಿರ ಜೊತೆ ತರಕಾರಿ ವ್ಯಾಪಾರ. ಬರುವಾಗ ಚೀಲದ ತುಂಬ ಸೊಪ್ಪು ತರುವವನು. ಅವತ್ತು ನಾನೂ ಹನುಮಕ್ಕನ ಮನೆಯಲ್ಲೇ ಅಕ್ಕಿ ಆರಿಸುತ್ತಾ ಕೂತಿದ್ದೆ.

ಅರ್ಜುನಪ್ಪ ಒಳಗೆ ಕಾಲಿಟ್ಟವನೇ ಮೂಗು ಅರಳಿಸಿದ.

"ಗುರು, ಕಾಲು ತೆಗಿ. ನೋಡ್ತೀನಿ."

"ಏನಿಲ್ಲ ಬಿಡೋ, ಸ್ವಲ್ಪ ಕೆರೆದಿದೆ," ಅಂದ ಚಲುವರಾಜು.

"ನಿನ್ನ ಸ್ವಲ್ಪ ನನಗೆ ಗೊತ್ತು. ತೆಗಿ ಅಂದ್ರೆ ತೆಗಿ."

ತೆಗೆದ. ಒಳಗಿನಿಂದ ಒದ್ದೆ ಬಟ್ಟೆಯ ಉಂಡೆ ಬಿದ್ದವು. ಮಂಡಿಯ ಕೆಳಗೆ ಚರ್ಮ ಬೆಳ್ಳಗೆ ನೆನೆದು ಸುಲಿದಿತ್ತು, ನಡುವೆ ಹುಣ್ಣು ಕೀವು ಕಟ್ಟಿತ್ತು. ನಾನು ಅಕ್ಕಿಯ ಮೊರ ಪಕ್ಕಕ್ಕಿಟ್ಟುಬಿಟ್ಟೆ. ಅರ್ಜುನಪ್ಪ ಬಗ್ಗಿ ಹುಣ್ಣು ನೋಡಿದ.

"ಇದನ್ನ ನೀನೇ ಒಂದ್ಸಲ ಆದ್ರೂ ನೋಡಿದೀಯಾ?" ಅಂತ ಕೇಳಿದ. "ಹಿಂದುಗಡೆ ಕಾಣಲ್ಲ, ಕನ್ನಡಿ ಹಿಡ್ಕೊಂಡು ನೋಡ್ಬೇಕು ಅಂತ ಪುಣೇಲಿ ಹೇಳ್ಕೊಟ್ಟಿರಲಿಲ್ವಾ? ನಾನು ದಿನಾ ಸಂಜೆ ಸೋಪು ಹಚ್ಚಿ ತೊಳೀತೀನಿ, ಒರೆಸ್ತೀನಿ, ಕನ್ನಡಿ ಹಿಡ್ದು ನೋಡ್ತೀನಿ. ಸ್ವಲ್ಪ ಕೆಂಪಾದ್ರೂ ಅವತ್ತು ಮರದ ಕಾಲು ಮುಟ್ಟಲ್ಲ, ಊರುಗೋಲಲ್ಲೇ ಮಾರ್ಕೆಟ್‌ಗೆ ಹೋಗ್ತೀನಿ. ಕೆಂಪು ಮಾರನೇ ದಿನಾನೂ ಹೋಗ್ಲಿಲ್ಲ ಅಂದ್ರೆ ಸೀದಾ ಆಸ್ಪತ್ರೆ. ಸಡಿಲ ಆದಾಗ ಕೂಡ ಬಟ್ಟೆ ತುರುಕಿಲ್ಲ ನಾನು. ಹೋಗಿ ಹೊಸ ಅಳತೆ ಕೊಟ್ಟು ಬಂದೆ."

"ಅಷ್ಟೆಲ್ಲ ಯಾರಪ್ಪ ಅಲೀತಾರೆ," ಅಂದಳು ಹನುಮಕ್ಕ. "ಹೋದ್ರೆ ಮಲಗಿಸ್ಕೊಂಡ್ಬಿಡ್ತಾರೆ. ಮದುವೆ ಇಟ್ಕೊಂಡು ಆಗುತ್ತಾ? ತಂದೆ ಇಲ್ಲದ ಹುಡುಗಿ. ಧಾರೆ ಎರೆಯೋಕೆ ಅಣ್ಣ ನಿಂತ್ಕೋಬೇಕಲ್ಲ."

"ಕುರ್ಚೀಲಿ ಕೂತು ಎರೀಲಿ ಅಮ್ಮ. ಯಾರು ಬೇಡ ಅಂತಾರೆ?"

"ಕೂತ್ರೆ ಗೊತ್ತಾಗಲ್ವಾ ಬೀಗರಿಗೆ?"

ಚಲುವರಾಜು ತಲೆ ಎತ್ತಲಿಲ್ಲ. "ನಾನು ನಿಂತ್ಕೊಂಡೇ ನನ್ನ ತಂಗೀನ ಧಾರೆ ಎರೆದು ಕೊಡ್ತೀನಿ ಕಣೋ. ಅಷ್ಟು ಆದ್ಮೇಲೆ ನೀನು ಎಲ್ಲಿಗೆ ಕರೆದ್ರೂ ಬರ್ತೀನಿ."

"ಇನ್ನೊಂದು ಇದೆ ಅರ್ಜುನಪ್ಪ," ಅಂದಳು ಹನುಮಕ್ಕ. ದನಿ ತಗ್ಗಿತ್ತು. "ಇವನು ಮಲಗಿದಾಗ ಇಲ್ಲದ ಪಾದ ಉರಿಯುತ್ತೆ, ಬೆರಳು ಹಿಚುಕಿದ ಹಾಗಾಗುತ್ತೆ ಅಂತ ಕೂಗ್ತಾನೆ. ಆ ಕಾಲು ಎಲ್ಲೋ ಪರದೇಶದ ಮಣ್ಣಲ್ಲಿ ಬಿದ್ದಿದೆಯಲ್ಲ, ಅದಕ್ಕೆ ಏನೋ ತಗಲಿದೆ ಅಂತ ಅಂತ್ರ ಕಟ್ಟಿಸಿದೀನಿ."

"ನನಗೂ ಹಾಗೇ ಆಗುತ್ತೆ ಅಮ್ಮ. ಹೋದ ಹೆಬ್ಬೆರಳು ಈಗಲೂ ಕೆರೆಯುತ್ತೆ. ಅದು ಗಾಳಿ ಅಲ್ಲ, ತಲೆ ಕೆಟ್ಟಿದ್ದೂ ಅಲ್ಲ. ನರದ ನೋವು. ಎಷ್ಟೋ ಜನಕ್ಕೆ ಬರುತ್ತೆ ಅಂತ ಡಾಕ್ಟ್ರೇ ಹೇಳಿದ್ರು, ಔಷಧಿ ಕೊಟ್ರು. ನೀವು ಅಂತ್ರ ಬೇಕಾದ್ರೆ ಕಟ್ಟಿ. ಆದ್ರೆ ಡಾಕ್ಟ್ರಿಗೂ ಹೇಳಿ."

ಹನುಮಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಫಿ ಕೊಟ್ಟು ಮಾತು ಬದಲಿಸಿದಳು. ಅರ್ಜುನಪ್ಪ ಹೊರಡುವಾಗ ನಾರಾಯಣಮ್ಮ ಸೊಪ್ಪಿನ ಚೀಲ ವಾಪಸು ಕೊಡುವ ನೆಪದಲ್ಲಿ ಗೇಟಿನವರೆಗೆ ಹೋದಳು. ನಾನೂ ಹಿಂದೆಯೇ ಹೋದೆ.

"ತಂಗಿ, ಇದೊಂದು ನೆನಪಿಟ್ಕೋ," ಅಂದ ಅವನು. "ಜ್ವರ ಬಂದ್ರೆ, ಇಲ್ಲ ತೊಡೆಸಂದೀಲಿ ಗಂಟು ಕಟ್ಟಿದ್ರೆ, ವಿಷ ಮೇಲಕ್ಕೆ ಏರ್ತಿದೆ ಅಂತ. ಆಮೇಲೆ ಯಾರ ಮಾತೂ ಕೇಳ್ಬೇಡ. ಅವನ ಮಂಡಿ ಇದೆಯಲ್ಲ, ಅದೇ ಅವನ ಆಸ್ತಿ. ಮಂಡಿ ಇದ್ರೆ ಮೆಟ್ಟಿಲು ಹತ್ತಬಹುದು, ನೆಲದಿಂದ ತಾನೇ ಏಳಬಹುದು. ಮಂಡಿ ಹೋದ್ರೆ ಎಲ್ಲಾ ಮೊದಲಿಂದ."

ಜ್ವರ ಬಂತು. ಚಪ್ಪರ ಹಾಕುವ ಹೊತ್ತಿಗೆ ತೊಡೆಸಂದಿಯಲ್ಲಿ ಗಂಟೂ ಕಟ್ಟಿತು. ನಾರಾಯಣಮ್ಮ ಅತ್ತೆಯ ಕಾಲು ಹಿಡಿದಳಂತೆ. ಹನುಮಕ್ಕನೂ ಅತ್ತಳಂತೆ. ಆದರೆ ಮನೆ ತುಂಬ ನೆಂಟರು, ಕಡುಬಿನ ಹಿಟ್ಟು ರುಬ್ಬಿಯಾಗಿದೆ, ಬೀಗರು ಹೊರಟಾಗಿದೆ. ಜ್ವರದ ಮಾತ್ರೆ ಕೊಟ್ಟು, ಪಾದ ಮುಚ್ಚುವಂತೆ ಹೊಸ ಪಂಚೆ ಉಡಿಸಿ, ಕೃತಕ ಕಾಲನ್ನು ಬಿಗಿಯಾಗಿ ಕಟ್ಟಿ ಛತ್ರಕ್ಕೆ ಕರೆತಂದರು. ಆ ಕಾಲನ್ನು ಕಟ್ಟಿದವಳು ನಾರಾಯಣಮ್ಮನೇ. ಗಂಡ ಹಲ್ಲು ಕಚ್ಚಿ ಕೂತಿದ್ದ, ಇವಳು ಪಟ್ಟಿ ಎಳೆದಳು.

ಧಾರೆಗೆ ಅವನು ನಿಂತ. ಮುಖ ಬೂದಿ ಬಣ್ಣ, ಹಣೆಯ ಮೇಲೆ ಬೆವರು. ತಂಗಿಯ ಕೈಯನ್ನು ಹುಡುಗನ ಕೈಯಲ್ಲಿಟ್ಟ. ನಾರಾಯಣಮ್ಮ ನೀರು ಬಿಟ್ಟಳು. ವಾಲಗ ಜೋರಾಯಿತು, ಎಲ್ಲರೂ ಅಕ್ಷತೆ ಎರಚಿದರು. ಶಿವಕುಮಾರಿ ಅಣ್ಣನ ಮುಖ ನೋಡಿ "ಅಮ್ಮ" ಅಂದಳು. ಅಷ್ಟರಲ್ಲಿ ಅವನು ಮಂಟಪದ ಕಂಬ ತಬ್ಬಿಕೊಂಡು ಜಾರಿ ಕೆಳಗೆ ಕೂತ. ಬಿಳಿ ಪಂಚೆ ಮಂಡಿಯ ಕೆಳಗೆ ತೊಯ್ದಿತ್ತು. ವಾಸನೆ ಮೊದಲ ಸಾಲಿನವರಿಗೆಲ್ಲ ಬಡಿಯಿತು.

ಬೀಗರು ವೆಂಕಟಪ್ಪನವರೇ ಮೊದಲು ಎದ್ದು ಬಂದವರು. ಪಂಚೆ ಸರಿಸಿದರು. ಪಟ್ಟಿ ಕಂಡಿತು, ಮರ ಕಂಡಿತು. ಕೂಡಲೇ ಮಗನ ಮದುವೆಗೆ ತಂದಿದ್ದ ಕಾರನ್ನು ಬಾಗಿಲಿಗೆ ತರಿಸಿದರು.

"ಯುದ್ಧದಲ್ಲಿ ಕಾಲು ಕಳ್ಕೊಂಡಿರೋ ಮನುಷ್ಯ. ಯಾಕಮ್ಮ ನಮಗೆ ಹೇಳ್ಲಿಲ್ಲ?" ಎಂದು ಹನುಮಕ್ಕನನ್ನು ಕೇಳಿದರು. "ನಾವೇನು ಸಂಬಂಧ ಬಿಡ್ತಿದ್ವಾ?"

ಬಿಡುತ್ತಿದ್ದರೋ ಇಲ್ಲವೋ, ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಮಿಲಿಟರಿ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಡಾಕ್ಟರು ಪರೀಕ್ಷೆ ಮಾಡಿ ಹೊರಗೆ ಬಂದು ನಮ್ಮೆದುರಿಗೆ ನಿಂತರು. ಕನ್ನಡದವರೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ನನಗೆ.

"ಕೀವು ಮೂಳೆಗೆ ಇಳಿದಿದೆ, ಮಂಡಿ ಕೀಲಿಗೂ ಹೋಗಿದೆ. ರಕ್ತಕ್ಕೆ ಸೇರ್ತಾ ಇದೆ. ಮಂಡಿ ಉಳಿಸೋಕೆ ಹೋದ್ರೆ ಮನುಷ್ಯ ಉಳಿಯಲ್ಲ."

"ಔಷಧೀಲಿ ಆಗಲ್ವಾ ಸ್ವಾಮಿ?" ಅಂದಳು ಹನುಮಕ್ಕ.

"ಗುಳ್ಳೆ ಎದ್ದಾಗ ಬಂದಿದ್ರೆ ಔಷಧಿ, ವಿಶ್ರಾಂತಿ ಸಾಕಾಗ್ತಿತ್ತು ಅಮ್ಮ. ಸಡಿಲ ಆದಾಗಲೇ ಬಂದಿದ್ರೆ ಗುಳ್ಳೇನೂ ಏಳ್ತಿರಲಿಲ್ಲ."

ಮಂಡಿ ತೆಗೆದರು. ತೊಡೆಯ ಅರ್ಧ ಮಾತ್ರ ಉಳಿಯಿತು. ಚಲುವರಾಜು ಎಚ್ಚರವಾದ ಮೇಲೆ ಹೊದಿಕೆಯ ಮೇಲೆ ಕೈಯಾಡಿಸಿ, ಮಂಡಿ ಇರಬೇಕಾದ ಕಡೆ ಹಾಸಿಗೆ ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡ. ಗಡಿಯಿಂದ ಬಂದಾಗ ನಗುತ್ತಾ ಬಂದಿದ್ದ ಹುಡುಗ ಅವನು. ಆವತ್ತು ಗೋಡೆ ಕಡೆ ತಿರುಗಿದವನು ಎಷ್ಟೋ ದಿನ ಈ ಕಡೆ ತಿರುಗಲೇ ಇಲ್ಲ. ಮಂಡಿ ಉಳಿದಿದ್ದರೆ ಹೊಸ ಕಾಲು ಹಾಕಿಕೊಂಡು ಬೇಗ ಕೆಲಸಕ್ಕೆ ಹೋಗಬಹುದಿತ್ತು. ಈಗ ಕಕ್ಕಸಿಗೆ ಹೋಗಲೂ ಇಬ್ಬರು ಹಿಡಿಯಬೇಕು. ಗೋದಾಮಿನ ಮೆಟ್ಟಿಲು ಅವನಿಗೆ ಇನ್ನು ಬೆಟ್ಟವೇ.

ಅದೇ ವಾರ್ಡಿನಲ್ಲಿ ಇನ್ನೊಂದು ನಡೆಯಿತು. ನಾರಾಯಣಮ್ಮ ಗಂಡನ ಮಂಚದ ಕಂಬಿ ಹಿಡಿದು ನಿಂತಿದ್ದವಳು ಹಾಗೇ ಕುಸಿದಳು. ನರ್ಸಮ್ಮ ಕೂರಿಸಿ ನೀರು ಕುಡಿಸಿ, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು.

"ಎಷ್ಟು ದಿನದಿಂದ ಹೀಗೆ ತಲೆ ಸುತ್ತುತ್ತೆ?"

"ನನಗೇನಾಗಿದೆ ಸಿಸ್ಟರ್? ನನ್ನ ಕಾಲು ನೆಟ್ಟಗಿದೆ."

"ನಿದ್ದೆ ಮಾಡ್ತೀರಾ?"

ನಾರಾಯಣಮ್ಮ ಉತ್ತರ ಕೊಡಲು ಹೋಗಿ ಅಳತೊಡಗಿದಳು. ಗಂಡ ಊರಿಗೆ ಬಂದಾಗಿನಿಂದ ಅವಳು ಒಂದು ದಿನವೂ ನೆಮ್ಮದಿಯಾಗಿ ಮಲಗಿರಲಿಲ್ಲವಂತೆ. ಅವನು ಕೂಗಿದರೆ ಎದ್ದು ಕೂರುವುದು, ಅವನ ಭಾರ ಹೊರುವುದು, ಎಲ್ಲರ ಊಟವಾದ ಮೇಲೆ ಉಳಿದದ್ದು ತಿನ್ನುವುದು. ರಕ್ತ ಅರ್ಧಕ್ಕರ್ಧ ಇಳಿದುಹೋಗಿತ್ತು. ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಯಾರಿಗೂ ಹೇಳಿರಲಿಲ್ಲ. "ಸೈನಿಕನ ಹೆಂಡತಿಯನ್ನೂ ನಾವು ನೋಡ್ತೀವಿ ಅಮ್ಮ, ಕೇಳೋಕೆ ಸಂಕೋಚ ಪಡಬೇಡಿ" ಎಂದು ಆ ನರ್ಸಮ್ಮ ಅವಳಿಗೂ ಚೀಟಿ ಮಾಡಿಸಿದರು. ಗಂಡನ ಪಕ್ಕದ ಬೆಂಚಿನಲ್ಲೇ ಅವಳಿಗೂ ಇಂಜೆಕ್ಷನ್ ಶುರುವಾಯಿತು.

ಅರ್ಜುನಪ್ಪ ಬಿಡುವಾದಾಗಲೆಲ್ಲ ವಾರ್ಡಿಗೆ ಬರುತ್ತಿದ್ದ. "ನಾನು ಹೇಳಿರಲಿಲ್ವಾ" ಅಂತ ಒಂದು ಸಲವೂ ಅನ್ನಲಿಲ್ಲ. ನಾನಾಗಿದ್ದರೆ ಅನ್ನದೆ ಬಿಡುತ್ತಿರಲಿಲ್ಲ. ಹನುಮಕ್ಕ ಅವನ ಹತ್ತಿರ ಎಲ್ಲ ಕೇಳಿ ಕಲಿತಳು. ಹೊಸ ಗಾಯ ಮಾಗಿದ ಮೇಲೆ ಬಟ್ಟೆ ಪಟ್ಟಿ ಹೇಗೆ ಸುತ್ತಬೇಕು, ಆ ಕಾಲು ಮಡಚಿಕೊಂಡು ಬಿಗಿಯದಂತೆ ಹೇಗೆ ಮಲಗಿಸಬೇಕು, ತೊಡೆಯ ಕೆಳಗೆ ದಿಂಬು ಯಾಕೆ ಇಡಬಾರದು, ಎಲ್ಲವನ್ನೂ. ಡಾಕ್ಟರು ಬರಹೇಳಿದ ದಿನ ಮಳೆಯಿರಲಿ, ಅಮಾವಾಸ್ಯೆಯಿರಲಿ, ಸೊಸೆ ಮಗ ಇಬ್ಬರನ್ನೂ ಎಬ್ಬಿಸಿ ಹೊರಡಿಸುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ಸುದ್ದಿ ಬಂತು. ಬಸವನಗುಡಿಯ ಹತ್ತಿರ ಸಿದ್ದಮ್ಮ ಎಂಬಾಕೆಯ ಮಗ ಸೈನ್ಯದಿಂದ ಬಂದಿದ್ದಾನೆ, ಮೊಣಕೈಯಿಂದ ಕೆಳಗೆ ಕೈಯಿಲ್ಲ, ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ, ಆಸ್ಪತ್ರೆ ಎಂದರೆ ಆಗುವುದಿಲ್ಲ ಎಂದು. ಹನುಮಕ್ಕ ಸೆರಗು ಹೊದ್ದು, "ಬನ್ನಿ ಶೈಲಜಮ್ಮ" ಎಂದು ನನ್ನನ್ನೂ ಎಳೆದುಕೊಂಡು ಹೊರಟಳು.

ಸಿದ್ದಮ್ಮ ನಮ್ಮನ್ನು ಜಗುಲಿಯಲ್ಲೇ ಕೂರಿಸಿದರು. "ಮನಸ್ಸು ಸರಿಯಾಗಲಿ ಅಂತ ಬಿಟ್ಟಿದೀವಮ್ಮ. ಸಂಕ್ರಾಂತಿ ಕಳೀಲಿ. ಜನ ನೋಡ್ತಾರೆ ಅಂತ ಅವನಿಗೂ ಸಂಕೋಚ, ನಮಗೂ ಅಷ್ಟೆ," ಅಂದರು.

"ನೋವು ಅಂತಾನಾ?" ಅಂತ ಕೇಳಿದಳು ಹನುಮಕ್ಕ.

"ಅಂತಾನೆ. ಇಲ್ಲದ ಬೆರಳು ನೋಯುತ್ತೆ ಅಂತಾನೆ. ನಮಗೆ ಭಯ, ತಲೆಗೇನಾದ್ರೂ..."

"ತಲೆಗೇನೂ ಆಗಿಲ್ಲ. ಅದು ನರದ ನೋವು, ಔಷಧಿ ಇದೆ. ನೀವು ನಿದ್ದೆ ಮಾಡ್ತಿದೀರಾ?"

ಸಿದ್ದಮ್ಮ ಇಲ್ಲವೆಂದು ತಲೆಯಾಡಿಸಿದರು.

"ನೋಡಮ್ಮ," ಅಂದಳು ಹನುಮಕ್ಕ. "ನನ್ನ ಮಗನ ಪಾದ ತೆಗೆದಿದ್ದು ಶತ್ರು. ಮಂಡಿ ತೆಗೆದಿದ್ದು ನಾನು. ಜನ ನೋಡ್ತಾರೆ ಅಂತ ಮುಚ್ಚಿಟ್ಟೆ, ಮದುವೆ ಮುಗೀಲಿ ಅಂತ ಕಾದೆ. ಶತ್ರುವನ್ನ ಬೈಕೊಂಡು ಮಲಗಬಹುದು. ನನ್ನನ್ನ ಬೈಕೊಂಡು ನಾನು ಹೆಂಗೆ ಮಲಗಲಿ? ನೀನು ನನ್ನ ಹಾಗೆ ಆಗ್ಬೇಡ. ನಾಳೆ ಬೆಳಿಗ್ಗೆ ನಾನೇ ಬರ್ತೀನಿ. ನಿನ್ನ ಮಗನ್ನೂ ಹೊರಡಿಸು, ನೀನೂ ಹೊರಡು."

ಸಿದ್ದಮ್ಮ ಎದ್ದು ಒಳಗೆ ಹೋಗಿ ಕೋಣೆಯ ಬಾಗಿಲು ಬಡಿದರು. ಮಾರನೆಯ ಬೆಳಿಗ್ಗೆ ನಾವು ಹೋದಾಗ ತಾಯಿ ಮಗ ಇಬ್ಬರೂ ಚಪ್ಪಲಿ ಮೆಟ್ಟಿ ಜಗುಲಿಯಲ್ಲಿ ಕಾಯುತ್ತಿದ್ದರು.

ಈ ಕಥೆ ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಕೈಕಾಲು ಕಳೆದುಕೊಂಡು ಬಂದ ಸೈನಿಕ ಇದ್ದರೆ, ಅವನ ಚಿಕಿತ್ಸೆ ಮನೆಗೆ ಬಂದ ದಿನಕ್ಕೆ ಮುಗಿಯಿತು ಎಂದುಕೊಳ್ಳಬೇಡಿ. ಅದು ಅವನು ಬದುಕಿರುವಷ್ಟು ಕಾಲ ಇರುವ ಕೆಲಸ. ಚರ್ಮ ಕೆಂಪಾದರೆ, ಕೃತಕ ಕಾಲು ಸಡಿಲವಾದರೆ, ಇಲ್ಲದ ಬೆರಳು ನೋಯುತ್ತದೆ ಎಂದರೆ, ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿ ಗೊತ್ತಿಲ್ಲದಿದ್ದರೆ ಮಾಜಿ ಸೈನಿಕರಿಗೆಂದೇ ಇರುವ ನಿಮ್ಮ ಜಿಲ್ಲೆಯ ಸೈನಿಕ ಬೋರ್ಡಿನಲ್ಲಿ ಕೇಳಿ, ಮಿಲಿಟರಿ ಆಸ್ಪತ್ರೆ ದೂರವಾದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅವನ ಜೊತೆ ಬದುಕುತ್ತಿರುವ ಹೆಂಡತಿಯನ್ನು, ತಾಯಿಯನ್ನು ನೀನು ಹೇಗಿದ್ದೀಯ ಎಂದು ಕೇಳಿ, ಅವರನ್ನೂ ಡಾಕ್ಟರಿಗೆ ತೋರಿಸಿ.

ಮದುವೆಗೆ, ಹಬ್ಬಕ್ಕೆ, ಗೃಹಪ್ರವೇಶಕ್ಕೆ ಇನ್ನೊಂದು ಮುಹೂರ್ತ ಸಿಗುತ್ತದೆ. ಕೀವು ಕಟ್ಟಿದ ಕಾಲಿಗೆ ಸಿಗುವುದಿಲ್ಲ. ಇವತ್ತೇ ಹೊರಡಿ.